ಲಂಡನ್ನಿನಲ್ಲಿ ಚೀನೀಯರ ಉಪಾಹಾರ

ದಕ್ಷಿಣ ಚೀನದ ಕ್ಯಾಂಟನ್ ಸೀಮೆಯಲ್ಲಿ ಬೆಳಗಿನ ಉಪಾಹಾರವನ್ನು ‘ಯಮ್ ಚಾ’ ಎಂದು ಕರೆಯುವುದುಂಟು. ‘ಚಹಾ ಕುಡಿಯುವುದು’ ಎಂದು ಅದರ ಅರ್ಥ. ಆದರೆ ಬರಿಯ ಚಹಾ ಕುಡಿದು ಏಳುವವರು ಅಲ್ಲಿ ವಿರಳ. ಅದರೊಡನೆ ಬಿದಿರಿನ ಪುಟ್ಟ ಬುಟ್ಟಿಗಳಲ್ಲಿ ಹಬೆಯಾಡುವ ತಿನಿಸುಗಳು ಬರುತ್ತವೆ. ಇವೇ ‘ಡಿಮ್ ಸಮ್’. ಹೃದಯವನ್ನು ಮುಟ್ಟುವಂಥವು ಎಂದು ಈ ಮಾತಿನ ಅರ್ಥ. ನಸುಕಿನಲ್ಲಿಯೇ ಚಹಾ ಮಂದಿರಕ್ಕೆ ಬಂದ ವೃದ್ಧರು ವೃತ್ತಪತ್ರಿಕೆಯನ್ನು ಹರಡಿಕೊಂಡು ಬಹಳ ಹೊತ್ತು ಕುಳಿತಿರುತ್ತಾರೆ.

ಈ ಉಪಾಹಾರವು ಲಂಡನ್ನಿನಲ್ಲಿಯೂ ದೊರೆಯುತ್ತದೆ. ಆದರೆ ನಸುಕಿನಲ್ಲಿ ಹುಡುಕಿ ಹೊರಟವನು ಸಾಮಾನ್ಯವಾಗಿ ಮುಚ್ಚಿದ ಬಾಗಿಲುಗಳನ್ನು ಕಂಡು ಹಿಂದಿರುಗಬೇಕಾಗುತ್ತದೆ. ಅಲ್ಲಿ ಅದು ನಡುಹಗಲಿನ ಊಟವಾಗಿದೆ. ಈ ಬದಲಾವಣೆಯ ಹಿಂದೆ ಒಂದು ವಲಸೆಯ ಕಥೆಯಿದೆ.

ಲಂಡನ್ನಿನ ಮೊದಲ ಚೀನೀ ಕೇರಿ ಹಡಗುಕಟ್ಟೆಗಳ ಸಮೀಪದ ಲೈಮ್‌ಹೌಸಿನಲ್ಲಿತ್ತು. ಅಲ್ಲಿದ್ದವರಲ್ಲಿ ಬಹುಮಂದಿ ನಾವಿಕರು. 1940–41ರ ಬಾಂಬು ದಾಳಿಯಲ್ಲಿ ಆ ಪ್ರದೇಶವು ಬಹಳವಾಗಿ ಹಾಳಾಯಿತು. ಯುದ್ಧಾನಂತರ ಸೋಹೋ ಭಾಗದ ಜೆರಾರ್ಡ್ ಬೀದಿಯಲ್ಲಿ ಹೊಸ ಕೇರಿಯೊಂದು ಬೆಳೆಯಿತು. ಇಲ್ಲಿಗೆ ಬಂದವರಲ್ಲಿ ಹೆಚ್ಚಿನವರು ನಾವಿಕರಲ್ಲ. ಹಾಂಗ್‌ಕಾಂಗಿನ ಗ್ರಾಮಗಳ ರೈತರು. ಅಲ್ಲಿನ ಸಾನ್ ಟಿನ್ ಎಂಬ ಗ್ರಾಮದ ಕಥೆಯನ್ನು ಮಾನವಶಾಸ್ತ್ರಜ್ಞ ಜೇಮ್ಸ್ ವಾಟ್ಸನ್ 1975ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಉಪ್ಪುನೀರು ಬೆರೆತ ಗದ್ದೆಗಳಲ್ಲಿ ಕೆಂಪಕ್ಕಿ ಬೆಳೆಯುತ್ತಿದ್ದ ಊರು ಅದು. ಆ ಅಕ್ಕಿಗೆ ಕೊಳ್ಳುವವರಿಲ್ಲದಂತಾದಾಗ, ದುಡಿಯಬಲ್ಲ ಗಂಡಸರಲ್ಲಿ ಬಹುಪಾಲು ಜನ ಬ್ರಿಟನ್ ಮತ್ತು ಯುರೋಪಿನ ಉಪಾಹಾರ ಗೃಹಗಳ ಪಾಲಾದರು. ನೇಗಿಲು ಹಿಡಿದ ಕೈ ಸೌಟು ಹಿಡಿಯಿತು.

ಅವರು ಆಂಗ್ಲ ಗಿರಾಕಿಗಳಿಗಾಗಿ ಬೇಯಿಸಿದ್ದು ‘ಚಾಪ್ ಸೂಯಿ’ಯಂತಹ, ಆ ಜನರ ನಾಲಿಗೆಗೆ ಹೊಂದುವ ಅಡುಗೆ. ಹುರಿದ ಆಲೂಗಡ್ಡೆಯೂ ಚೀನೀ ಊಟದ ಪಟ್ಟಿಯಲ್ಲಿ ಸೇರಿತು! ಹೊಟ್ಟೆಪಾಡಿನ ಮಾತಾದುದರಿಂದ ಇದನ್ನು ಆಕ್ಷೇಪಿಸುವಂತಿಲ್ಲ. ಕೆಲಸವು ನಡುರಾತ್ರಿಯವರೆಗೂ ನಡೆಯುತ್ತಿತ್ತು. ಅಂಥವರಿಗೆ ನಸುಕಿನ ಚಹಾ ಮಂದಿರ ಎಲ್ಲಿಯದು? ಹೀಗೆ ಊರಿನ ಬೆಳಗು ಲಂಡನ್ನಿನಲ್ಲಿ ಹನ್ನೊಂದು, ಹನ್ನೆರಡು ಗಂಟೆಗೆ ಸರಿಯಿತು. ಭಾನುವಾರದ ಆ ಹೊತ್ತಿನಲ್ಲಿ ಅಜ್ಜಿಯಿಂದ ಮೊಮ್ಮಗುವಿನವರೆಗೆ ಇಡೀ ಕುಟುಂಬವೇ ದುಂಡು ಮೇಜಿನ ಸುತ್ತ ಸೇರುತ್ತದೆ. ಚಹಾ ಮುಗಿದರೆ ಯಾರೂ ಕೂಗಿ ಕರೆಯುವುದಿಲ್ಲ. ಪಾತ್ರೆಯ ಮುಚ್ಚಳವನ್ನು ಓರೆಯಾಗಿಟ್ಟರೆ ಬಡಿಸುವವನಿಗೆ ತಿಳಿಯುತ್ತದೆ.

ಅಡುಗೆಯವನ ಕೈಗುಣವನ್ನು ಅರಿಯಲು ಬಲ್ಲವರು ಮೊದಲು ತರಿಸುವುದು ಸೀಗಡಿಯ ‘ಹಾರ್ ಗಾವ್’. ಗೋಧಿ ಹಿಟ್ಟಿನ ಅಂಟನ್ನು ತೊಳೆದು ತೆಗೆದು, ಉಳಿದ ಪಿಷ್ಟವನ್ನು ಕುದಿನೀರಿನಲ್ಲಿ ಕಲಸಿ, ಎಣ್ಣೆ ಸವರಿದ ಅಗಲ ಕತ್ತಿಯಿಂದ ಒತ್ತಿ ಇದರ ಹೊದಿಕೆಯನ್ನು ಮಾಡುತ್ತಾರೆ. ಅಂಚಿಗೆ ಏಳಕ್ಕೆ ಕಡಿಮೆಯಿಲ್ಲದಂತೆ ನೆರಿಗೆ ಹಿಡಿಯುವುದು ವಾಡಿಕೆ. ಹಬೆಯಲ್ಲಿ ಬೆಂದಾಗ ಹೊದಿಕೆಯ ಮೂಲಕ ಸೀಗಡಿಯ ಕೆಂಪು ಕಾಣಬೇಕು. ಆದರೆ ಕಡ್ಡಿಯಿಂದ ಎತ್ತಿದಾಗ ಹೊದಿಕೆ ಹರಿಯಬಾರದು.

ಇದಕ್ಕಿಂತಲೂ ಸರಳವಾದ ಬೆಳಗಿನ ಆಹಾರವೊಂದು ಅದೇ ಪಟ್ಟಿಯಲ್ಲಿರುತ್ತದೆ. ಅಕ್ಕಿಯನ್ನು ಹೆಚ್ಚು ನೀರಿನಲ್ಲಿ ಕರಗುವವರೆಗೆ ಬೇಯಿಸಿದ ಅದನ್ನು ಕ್ಯಾಂಟನ್ನಿನವರು ‘ಜುಕ್’ ಎನ್ನುತ್ತಾರೆ. ಲಂಡನ್ನಿನ ಪಟ್ಟಿಯಲ್ಲಿ ಮಾತ್ರ ಅದರ ಹೆಸರು ‘ಕಾಂಜಿ’. ತಮಿಳಿನ ಈ ಶಬ್ದವು ಪೋರ್ಚುಗೀಸರ ಮೂಲಕ ಇಂಗ್ಲಿಷಿಗೆ ಹೋದುದು. ನಮ್ಮ ‘ಗಂಜಿ’ ಅದರ ಸೋದರ ಶಬ್ದ.