ಬಿಡಿಸಿ ತಂದ ಬಿಲ್ವಾರ ಟ್ರಂಕಿನಲ್ಲಿ ಇಡಬೇಡಿ

ಗೋವಾದ ವಾಸ್ಕೋದ ನಮ್ಮ ಓಣಿಯಲ್ಲಿ ಹೋದ ವಾರ ಒಂದು ಜಗಳವಾಯಿತು. ನೀರಿಗಲ್ಲ, ಸ್ಕೂಟರ್ ನಿಲ್ಲಿಸುವ ಜಾಗಕ್ಕೂ ಅಲ್ಲ, ರಕ್ಷಣೆಯ ವಿಷಯಕ್ಕೆ. ಗದಗದ ಕಡೆಯಿಂದ ಕೆಲಸಕ್ಕೆ ಬಂದ ಹುಡುಗನೊಬ್ಬ ಎದುರು ಮನೆಯಾಕೆಯನ್ನು, "ಅಕ್ಕಾ, ನಿಮಗ ರಕ್ಷಣೆ ಆಗೇತೇನು? ಯಾವ ತಾರೀಖಿಗೆ ಆತು?" ಎಂದು ಕೇಳಿದ. ಆಕೆ ಹುಟ್ಟಾ ಕ್ಯಾಥೊಲಿಕ್. "ತೊಟ್ಟಿಲಲ್ಲಿದ್ದಾಗಲೇ ಜ್ಞಾನಸ್ನಾನ ಆಗೇತಿ, ನೀ ಯಾವ ಊರ ತಹಶೀಲ್ದಾರ ಕೇಳಾಕ?" ಎಂದು ಬಕೆಟ್ ನೆಲಕ್ಕೆ ಕುಕ್ಕಿದಳು. ಇಬ್ಬರೂ ನ್ಯಾಯಕ್ಕೆ ನನ್ನ ಬಳಿ ಬಂದರು. ಇಬ್ಬರಿಗೂ ಚಹಾ ಕೊಟ್ಟೆ, ಇಬ್ಬರನ್ನೂ ಬೈದೆ. ಆ ಬೈಗುಳದಲ್ಲಿ ನಿಮಗೂ ಒಂದು ಪಾಲಿದೆ ಅನ್ನಿಸಿತು. ಬೇಸರ ಮಾಡಿಕೊಳ್ಳದೆ ಕೇಳಿ.

ನನಗೆ ಈ ನ್ಯಾಯ ಹೇಳುವ ಅಧಿಕಾರ ಎಲ್ಲಿಂದ ಬಂತು ಎಂದರೆ, ಎರಡೂ ಮನೆಯ ಉಪ್ಪು ತಿಂದವಳು ನಾನು. ತವರು ಹುಬ್ಬಳ್ಳಿಯ ಬಾಸೆಲ್ ಮಿಷನ್ ಮನೆತನ. 1834ರಲ್ಲಿ ಮಂಗಳೂರಿಗೆ ಬಂದಿಳಿದು, ಆಮೇಲೆ ಘಟ್ಟ ಹತ್ತಿ ನಮ್ಮ ಕಡೆ ಬಂದ ಆ ಮಿಷನರಿಗಳ ಕಾಲದಿಂದಲೂ ನಮ್ಮದು ಸತ್ಯವೇದ ಓದುವ ಮನೆ. ಮದುವೆಯಾದದ್ದು ಕಾರವಾರದ ಕೊಂಕಣಿ ಕ್ಯಾಥೊಲಿಕರ ಮನೆಗೆ, ಮುರ್ಗಾಂವ್ ಬಂದರಿನಲ್ಲಿ ಕೆಲಸದಲ್ಲಿದ್ದವರಿಗೆ. ತವರಿನಲ್ಲಿ ನಂಬಿಕೆ, ದೀಕ್ಷಾಸ್ನಾನ. ಇಲ್ಲಿಯ ಕನ್ನಡ ಕ್ಯಾಥೊಲಿಕರ ಬಾಯಲ್ಲಿ ಅವೇ ವಿಶ್ವಾಸ, ಜ್ಞಾನಸ್ನಾನ. ನಮ್ಮ ಅತ್ತೆಯ ಕೊಂಕಣಿಯಲ್ಲಿ ಏಸುಸ್ವಾಮಿ ಸೊಡ್ವಣ್ದಾರ್. ಬಂದ ಹೊಸದರಲ್ಲಿ ಆ ಪದ ಕಿವಿಗೆ ಒರಟು ಅನ್ನಿಸುತ್ತಿತ್ತು. ಅರ್ಥ ಕೇಳಿದಾಗ ಅತ್ತೆ, "ಸೊಡ್ವಣ್ ಅಂದರೆ ಬಿಡುಗಡೆ, ಕಟ್ಟಿಹಾಕಿದವರನ್ನು ಬಿಡಿಸುವವನು ಸೊಡ್ವಣ್ದಾರ್" ಎಂದರು. ನಾವು ರಕ್ಷಕ ಎನ್ನುವುದನ್ನು ಅವರು ಬಿಡಿಸುವವನು ಎನ್ನುತ್ತಾರೆ. ಆ ಬಿಡಿಸುವುದು ಎಂಬ ಮಾತು ಪೂರ್ತಿ ತಲೆಗೆ ಇಳಿದದ್ದು ಮಾತ್ರ ಒಂದು ಜೊತೆ ಬಿಲ್ವಾರದಿಂದ.

ಮದುವೆಯಾದ ಆರನೇ ವರ್ಷ ಮನೆಯವರು ಕಾಮಾಲೆಯಿಂದ ಮೂರು ತಿಂಗಳು ಹಾಸಿಗೆ ಹಿಡಿದರು. ತವರಿನವರು ಹಾಕಿದ್ದ ಬಿಲ್ವಾರ ಒತ್ತೆಯಂಗಡಿಗೆ ಹೋದವು. ಬಡ್ಡಿ ಕಟ್ಟಲೂ ಆಗದೆ ಇನ್ನು ಅವು ಹೋದಂತೆಯೇ ಎಂದುಕೊಂಡಿದ್ದಾಗ ಅಣ್ಣ ಹುಬ್ಬಳ್ಳಿಯಿಂದ ಬಂದ. ನನಗೊಂದು ಮಾತೂ ಹೇಳದೆ ಅಂಗಡಿಗೆ ಹೋಗಿ ಅಸಲು, ಬಡ್ಡಿ ಎರಡೂ ತೀರಿಸಿ, ಕರವಸ್ತ್ರದಲ್ಲಿ ಗಂಟು ಕಟ್ಟಿದ ಬಿಲ್ವಾರ ನನ್ನ ಮಡಿಲಿಗೆ ಹಾಕಿದ. ನಾನು ಏನು ಮಾಡಿದೆ ಗೊತ್ತೇ? ಟ್ರಂಕಿನ ತಳದಲ್ಲಿ ರೇಷ್ಮೆ ಸೀರೆಯ ಕೆಳಗೆ ಮುಚ್ಚಿಟ್ಟೆ, ಅಂಗಡಿಯವನ ಚೀಟಿ ಮಾತ್ರ ಬಂದವರಿಗೆಲ್ಲ ತೋರಿಸಿದೆ. ಒಂದೂವರೆ ವರ್ಷಕ್ಕೆ ಕೈ ಬಿಗಿಯಾದಾಗ ಅವೇ ಬಿಲ್ವಾರ ಮತ್ತೆ ಅದೇ ಅಂಗಡಿಗೆ. ಅಣ್ಣ ಮತ್ತೊಮ್ಮೆ ಬಿಡಿಸಿ ತಂದ. ಈ ಸಲ ಗಂಟನ್ನು ತಾನೇ ಬಿಚ್ಚಿ, "ಕೈಗೆ ಹಾಕ್ಕೋ ಅಂತ ಬಿಡಿಸಿ ತಂದೀನಿ, ಟ್ರಂಕಿನ್ಯಾಗ ಇಡಾಕಲ್ಲ" ಎಂದ. ಬೈಯಲಿಲ್ಲ. ಬೈದಿದ್ದರೆ ಅಷ್ಟು ಅಳು ಬರುತ್ತಿರಲಿಲ್ಲ.

ನಮ್ಮಲ್ಲಿ "ಮಾಡಿದ್ದುಣ್ಣೋ ಮಹರಾಯ" ಎನ್ನುವ ಗಾದೆಯಿದೆ. ಲೋಕದ ಲೆಕ್ಕಕ್ಕೆ ಅದು ಸರಿಯೇ. ಬೇವು ಬಿತ್ತಿದವರಿಗೆ ಮಾವು ಎಲ್ಲಿಂದ ಬರಬೇಕು? ಆದರೆ ಶುಭ ಶುಕ್ರವಾರ ಶಿಲುಬೆಯ ಮುಂದೆ ಮೊಣಕಾಲೂರುವ ನಾವು ನಂಬುವುದು ಬೇರೆಯದೇ ಒಂದನ್ನು: ಮಾಡಿದ್ದು ನಾವು, ಉಂಡದ್ದು ಅವನು. ಕ್ರೈಸ್ತರ ರಕ್ಷಣೆಯ ತಿರುಳು ಇಷ್ಟೇ. ನಮ್ಮ ಸಾಲ ನಾವು ತೀರಿಸಲಿಲ್ಲ, ತೀರಿಸುವ ಶಕ್ತಿಯೂ ನಮಗಿರಲಿಲ್ಲ. ಕೃಪೆ ಎಂದರೆ ಅದು. ಹಾಗಾಗಿ ದಯವಿಟ್ಟು ದೇವರ ಹತ್ತಿರ ಚೌಕಾಸಿ ಮಾಡಬೇಡಿ. ಇಷ್ಟು ಮೇಣದಬತ್ತಿ, ಇಷ್ಟು ಉಪವಾಸ, ಇಷ್ಟು ದಶಮಾಂಶ, ಬದಲಿಗೆ ಸ್ವರ್ಗದಲ್ಲಿ ಒಂದು ಸೀಟು ಎಂದು ಲೆಕ್ಕ ಹಾಕುವುದು ಮಾಪ್ಸಾದ ಶುಕ್ರವಾರದ ಸಂತೆಯ ರೀತಿ. ಅಣ್ಣನಿಗೆ ನಾನು ಬಿಲ್ವಾರದ ಬಡ್ಡಿ ವಾಪಸ್ ಕೊಡಲು ಹೋಗಿದ್ದರೆ ಅವನ ಮುಖ ಹೇಗಾಗುತ್ತಿತ್ತು ಯೋಚಿಸಿ.

ಈಗ ಆ ಗದಗದ ಹುಡುಗನ ವಿಚಾರ. ಮಗು, ತಾರೀಖು ಕೇಳುವುದು ಬಿಡು. ಕೆಲವರಿಗೆ ತಾರೀಖು ಇರುತ್ತದೆ, ಸಂತೋಷ. ಕುಡಿತ ಬಿಟ್ಟ ದಿನ, ಸಭೆಯಲ್ಲಿ ಕಣ್ಣೀರು ಸುರಿಸಿದ ದಿನ, ಅವರಿಗೆ ಅದು ಹುಟ್ಟುಹಬ್ಬವಿದ್ದಂತೆ. ಇನ್ನು ಕೆಲವರಿಗೆ ಬೆಳಕು ಬೆಳಗಿನ ಜಾವದಂತೆ ಬರುತ್ತದೆ. ಯಾವ ನಿಮಿಷಕ್ಕೆ ಕತ್ತಲೆ ಹೋಯಿತು ಎಂದು ಯಾರು ಬರೆದಿಟ್ಟಾರು? ಸಂತ ಪೌಲನ ಪತ್ರಗಳನ್ನು ಓದಿ ನೋಡಿ, ರಕ್ಷಣೆಗೆ ಮೂರು ಕಾಲಗಳೂ ಇವೆ. ಒಂದು ಕಡೆ ಆಗಿದೆ ಎನ್ನುತ್ತಾನೆ, ಇನ್ನೊಂದು ಕಡೆ ಆಗುತ್ತಿದೆ, ಮತ್ತೊಂದು ಕಡೆ ಆಗಲಿದೆ. ಸಾಲ ತೀರಿದೆ, ಕೈಗೆ ಹಾಕಿಕೊಳ್ಳುವುದು ದಿನವೂ ನಡೆದಿದೆ, ಮದುವೆಯ ಮನೆ ಇನ್ನೂ ಮುಂದಿದೆ. ಫಿಲಿಪ್ಪಿಯವರಿಗಂತೂ ಒಂದೇ ಉಸಿರಿನಲ್ಲಿ ಎರಡು ಮಾತು ಬರೆದ: ನಿಮ್ಮ ರಕ್ಷಣೆಯ ಕೆಲಸದಲ್ಲಿ ಭಯಭಕ್ತಿಯಿಂದ ತೊಡಗಿ, ಯಾಕೆಂದರೆ ಒಳಗಿದ್ದು ಕೆಲಸ ಮಾಡುವವನು ದೇವರೇ. ಅರ್ಧ ಮಾತು ಹಿಡಿದುಕೊಂಡು ಓಣಿಯಲ್ಲಿ ಜಗಳಕ್ಕೆ ನಿಲ್ಲಬೇಡಿ.

ಹೊಸ ಬೋಧಕ ಬಂದಾಗಲೆಲ್ಲ ಮತ್ತೆ ಸಮುದ್ರಕ್ಕಿಳಿದು ಮುಳುಗಿ ಏಳುವವರನ್ನೂ ನೋಡಿದ್ದೇನೆ. ಸ್ನಾನ ಒಂದೇ ಸಲ ಸಾಕು. ಕಡಿಮೆ ಬಿದ್ದದ್ದು ನೀರಲ್ಲ.

ಬಕೆಟ್ ಕುಕ್ಕಿದಾಕೆಗೂ ಹೇಳಿದೆ. ತೊಟ್ಟಿಲಿನ ಜ್ಞಾನಸ್ನಾನ ನಿಜ, ಅದನ್ನು ಯಾರೂ ಅಳಿಸಲಾರರು. ಆದರೆ ಚೀಟಿ ತೋರಿಸುತ್ತಾ ಕೂತರೆ ನನ್ನ ಕತೆಯೇ ನಿನ್ನದೂ ಆದೀತು. 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಹಳೆ ಗೋವಾದಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಪಾರ್ಥಿವ ಶರೀರದ ದರ್ಶನವಿತ್ತು, ಹತ್ತು ವರ್ಷಕ್ಕೊಮ್ಮೆ ಬರುವಂಥದ್ದು. ಬೊಮ್ ಜೇಸುಸ್ ಬೆಸಿಲಿಕಾದಿಂದ ಸೇ ಕಥೀಡ್ರಲ್‌ಗೆ ತಂದಿಟ್ಟಿದ್ದರು. ಊರಿನಿಂದ ನೆಂಟರ ಮೇಲೆ ನೆಂಟರು. ನಮ್ಮ ಮನೆಯಲ್ಲಿ ಚಪಾತಿ ಹಿಟ್ಟಿನ ಡಬ್ಬಿ ತುಂಬಿದ್ದೇ ಇಲ್ಲ. ಸಾಲಿನಲ್ಲಿ ನಿಂತು ದರ್ಶನ ಮಾಡಿ ಬಂದ ಒಬ್ಬರು ಸೋಫಾದ ಮೇಲೆ ಕೂತು, "ಅಬ್ಬಾ, ಇನ್ನ ಹತ್ತು ವರ್ಷಕ್ಕೆ ಚಿಂತೆಯಿಲ್ಲ" ಎಂದರು. ಎದ್ದು ಫೋನು ತೆಗೆದುಕೊಂಡು ಆಸ್ತಿ ಪಾಲಿನ ವಿಷಯಕ್ಕೆ ತಮ್ಮನನ್ನು ಬಾಯಿಗೆ ಬಂದಂತೆ ಬೈಯತೊಡಗಿದರು. ಗಂಗೆಗೆ ಹೋದರೂ ತಂಬಿಗೆಯಷ್ಟೇ ನೀರು. ದರ್ಶನ ಮಾಡಿ, ತಪ್ಪಿಲ್ಲ, ನಾನೂ ಮಾಡಿದೆ. ಆದರೆ ಆ ಗಾಜಿನೊಳಗೆ ಮಲಗಿರುವವರು 1552ರ ಡಿಸೆಂಬರ್ 3ರಂದು ಚೀನಾದ ಹತ್ತಿರದ ಒಂದು ದ್ವೀಪದಲ್ಲಿ, ಇನ್ನೂ ಮುಂದೆ ಹೋಗಬೇಕೆಂದು ಹಂಬಲಿಸುತ್ತಲೇ ಸತ್ತವರು. ಅವರನ್ನು ನೋಡಿ ಬಂದು ಹತ್ತು ವರ್ಷ ರಜೆ ಹಾಕುವುದು ಚೆನ್ನಾಗಿದೆಯೇ?

"ನಂಬಿಕೆಯೊಂದೇ ಸಾಕು", "ಇಲ್ಲ, ಒಳ್ಳೆಯ ಕೆಲಸವೂ ಬೇಕು" ಎಂದು ಎರಡು ಮನೆಯವರು ಕಿತ್ತಾಡುವುದನ್ನು ಜೀವಮಾನವಿಡೀ ಕೇಳಿದ್ದೇನೆ. ನಮ್ಮ ಮದುವೆಯ ಮಾತುಕತೆಯೇ ಅದರ ಮೇಲೆ ಎರಡು ಸಲ ಮುರಿದಿತ್ತು. ನಿಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿರಲಿಕ್ಕಿಲ್ಲ, 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೊಲಿಕರು ಮತ್ತು ಲೂಥರನರು ಒಂದೇ ಕಾಗದಕ್ಕೆ ಸಹಿ ಹಾಕಿದರು. ದೇವರು ನಮ್ಮನ್ನು ಒಪ್ಪಿಕೊಳ್ಳುವುದು ಕೃಪೆಯಿಂದ, ಕ್ರಿಸ್ತನ ಮೇಲಿನ ನಂಬಿಕೆಯಿಂದ, ನಮ್ಮ ಪುಣ್ಯದ ಗಳಿಕೆಯಿಂದಲ್ಲ. ಒಳ್ಳೆಯ ಕೆಲಸ ಆ ಕೃಪೆಗೆ ಬಿಟ್ಟ ಫಲ ಎಂಬುದು ಅದರ ಸಾರ. 2006ರಲ್ಲಿ ಮೆಥೊಡಿಸ್ಟರೂ ಸೇರಿಕೊಂಡರು. ದೊಡ್ಡವರು ಸಹಿ ಹಾಕಿ ಎದ್ದುಹೋದ ಮೇಲೂ ನಾವು ಕೋರ್ಟಿನ ಮೆಟ್ಟಿಲ ಮೇಲೆ ಕೂತಿರುವುದು ಏಕೆ?

ಫಲ ಎಂದೆನಲ್ಲ, ಅದು ಎಲ್ಲಿ ಕಾಣಬೇಕು ಎನ್ನುವುದಕ್ಕೆ ಜಕ್ಕಾಯನ ಮನೆಗೆ ಹೋಗೋಣ. ಸುಂಕದವನು, ಕುಳ್ಳ, ಮರ ಹತ್ತಿದವನು. ಏಸುಸ್ವಾಮಿ ಅವನಿಂದ ಒಂದು ಪೈಸೆ ಕೇಳದೆ ಮೊದಲು ಅವನ ಮನೆಗೆ ಅತಿಥಿಯಾಗಿ ಬಂದರು. ಆಮೇಲೆ ತಾನಾಗಿಯೇ ಅವನ ಕೈ ಸಡಿಲವಾಯಿತು: ಅರ್ಧ ಆಸ್ತಿ ಬಡವರಿಗೆ, ಮೋಸ ಮಾಡಿದವರಿಗೆ ನಾಲ್ಕರಷ್ಟು ವಾಪಸ್. ಈ ಮನೆಗೆ ಇವತ್ತು ರಕ್ಷಣೆ ಬಂತು ಎಂದು ಸ್ವಾಮಿ ಹೇಳಿದ್ದು ಆಗ. ಅನುಕ್ರಮ ಗಮನಿಸಿ: ಮೊದಲು ಅತಿಥಿ, ಆಮೇಲೆ ಲೆಕ್ಕ ಚುಕ್ತಾ. ಆದ್ದರಿಂದ ನಿಮ್ಮಲ್ಲಿ ಮೇಸ್ತ್ರಿಗಳಾಗಿದ್ದವರೇ, ಯಾದಗಿರಿಯಿಂದ ಬಂದ ಕೂಲಿಯವರ ಎರಡು ವಾರದ ಪಗಾರ ಹಿಡಿದಿಟ್ಟುಕೊಂಡು ಭಾನುವಾರ ಮುಂದಿನ ಬೆಂಚಿನಲ್ಲಿ ಕೂತು ಹಾಡಬೇಡಿ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದಾಗುತ್ತದೆ. ಶನಿವಾರ ಸಂಜೆ ಕೊಟ್ಟುಬಿಡಿ. ಅತ್ತೆ ಸೊಸೆಯರೇ, ಪಾಪನಿವೇದನೆಗೆ ಹೋದಾಗ ಒಬ್ಬರ ಪಾಪ ಇನ್ನೊಬ್ಬರು ಹೇಳಿ ಬರಬೇಡಿ. ನಿಮ್ಮದನ್ನು ಹೇಳಿ, ಚಿಕ್ಕದಾಗಿ ಹೇಳಿ, ಹೊರಗೆ ಬಂದ ಮೇಲೆ ಅದನ್ನೇ ಮತ್ತೆ ಕೆದಕಬೇಡಿ.

ಕೊಂಕಣಿ ಪೂಜೆಯಲ್ಲಿ ಸುಮ್ಮನೆ ತುಟಿ ಆಡಿಸಿ ಬರುವ ಕನ್ನಡದ ಮನೆಗಳಿಗೆ ಇನ್ನೊಂದು ಮಾತು. ರಾತ್ರಿ ಧಾರಾವಾಹಿ ಶುರುವಾಗುವ ಮೊದಲು ಕನ್ನಡದ ಬೈಬಲ್ಲಿನಿಂದ ಹತ್ತು ಸಾಲು ಮಕ್ಕಳ ಕೈಯಲ್ಲಿ ಓದಿಸಿ. ತಿಳಿಯದ ಭಾಷೆಯಲ್ಲಿ ಎಷ್ಟು ಸಲ ಹೇಳಿದರೂ ಪಶ್ಚಾತ್ತಾಪ ಎದೆಗೆ ಇಳಿಯುವುದಿಲ್ಲ. 1579ರಲ್ಲಿ ಗೋವಾಕ್ಕೆ ಬಂದ ಇಂಗ್ಲೆಂಡಿನ ಪಾದ್ರಿ ಥಾಮಸ್ ಸ್ಟೀಫನ್ಸ್ ಇಲ್ಲಿಯವರ ಮಾತು ಕಲಿತು, ರಕ್ಷಣೆಯ ಕತೆಯನ್ನು ಕ್ರಿಸ್ತಪುರಾಣ ಎಂದು ಮರಾಠಿ ಓವಿಗಳಲ್ಲಿ ಬರೆದರು. 1616ರಲ್ಲಿ ರಾಚೋಲಿನಲ್ಲಿ ಅಚ್ಚಾಯಿತು. ಪರದೇಶದವರಿಗೆ ತಿಳಿದದ್ದು ನಮಗೆ ತಿಳಿಯಬಾರದೇ?

ಇನ್ನು ಇಬ್ಬರಿದ್ದಾರೆ, ಅವರಿಗೂ ಹೇಳಬೇಕು. ಒಬ್ಬ, ಶಿಲುಬೆಯ ಮೇಲಿನ ಕಳ್ಳನಿಗೆ ಕೊನೆಗಳಿಗೆಯಲ್ಲಿ ಸಿಕ್ಕಿತಲ್ಲ, ನನಗೂ ಸಿಗುತ್ತದೆ ಎಂದು ಬಾಟಲಿ ಮುಂದಿಟ್ಟುಕೊಂಡು ಕೂತವನು. ಅಪ್ಪಾ, ಆ ಕಳ್ಳ ಕೊನೆಗಳಿಗೆಗೆಂದು ಕಾದವನಲ್ಲ, ಸಿಕ್ಕ ಅವಕಾಶಕ್ಕೆ ಕೈಚಾಚಿದವನು. ಪಕ್ಕದಲ್ಲಿ ಇನ್ನೊಬ್ಬನೂ ಇದ್ದ, ಮರೆಯಬೇಡ. ಇನ್ನೊಬ್ಬಾಕೆ, ಮಗು ಹೊಟ್ಟೆಯಲ್ಲೇ ಹೋಯಿತು, ಗಂಡ ಬಿಟ್ಟುಹೋದ, ನನ್ನ ಪಾಪಕ್ಕೆ ಕ್ಷಮೆಯಿಲ್ಲ ಎಂದು ಚರ್ಚಿನ ಹಿಂದಿನ ಕಂಬಕ್ಕೆ ಒರಗಿ ನಿಲ್ಲುವವಳು. ತಾಯಿ, ಮುಂದೆ ಬಂದು ಕೂತುಕೋ. ಕಷ್ಟ ಬಂತೆಂದರೆ ಶಿಕ್ಷೆ ಬಂತು ಎಂದು ನಿನಗೆ ಹೇಳಿದವರು ಯಾರೇ ಆಗಲಿ, ತಪ್ಪು ಹೇಳಿದ್ದಾರೆ. ಅಣ್ಣ ಎರಡನೇ ಸಲವೂ ಅಂಗಡಿಗೆ ಹೋದ, ಅದನ್ನು ನೆನಪಿಡು.

ರಕ್ಷಣೆ ಹೊಂದಿದ ಮನುಷ್ಯ ನೋಡಲು ಹೇಗಿರುತ್ತಾನೆ ಎಂದು ಕೇಳಿದರೆ ನಾನು ಸಾಂಕ್ವಾಳ್ ಕಡೆ ಕೈ ತೋರಿಸುತ್ತೇನೆ. ಝುವಾರಿ ನಗರದಲ್ಲಿ ಬಾಡಿಗೆಗಿರುವ ನಮ್ಮವರಿಗೆ ಅದು ಕೂಗಳತೆ. ಹೊಳೆಯ ಕಡೆಗೆ ಇಳಿದರೆ ಹಳೆಯ ಚರ್ಚಿನ ಮುಂಗೋಡೆಯೊಂದೇ ನಿಂತಿದೆ. ಉಳಿದದ್ದು 1834ರ ಬೆಂಕಿಗೆ ಹೋಯಿತು. 1651ರಲ್ಲಿ ಬಾಣಾವಲಿಯಲ್ಲಿ ಹುಟ್ಟಿದ ಜೋಸೆಫ್ ವಾಜ್ ಎಂಬ ಪಾದ್ರಿ, 1677ರ ಆಗಸ್ಟ್ 5ರಂದು ಇಲ್ಲಿಯೇ ತಾನು ಮಾತೆ ಮರಿಯಳ ಜೀತದಾಳು ಎಂದು ತನ್ನ ಕೈಯಾರೆ ಪತ್ರ ಬರೆದುಕೊಟ್ಟರು. ಬಿಡುಗಡೆಯಾದವನು ಖುಷಿಯಿಂದ ತನ್ನನ್ನೇ ಒತ್ತೆ ಇಟ್ಟ ಹಾಗೆ! 1681ರಲ್ಲಿ ನಮ್ಮ ಕರಾವಳಿಗೆ ಬಂದರು. ಆಗ ಅಲ್ಲಿ ಕೆಳದಿ ಚೆನ್ನಮ್ಮನ ಆಳ್ವಿಕೆ. ಮಂಗಳೂರು, ಬಸ್ರೂರು, ಗಂಗೊಳ್ಳಿ ಎಂದು ಓಡಾಡಿದರು. 1687ರಲ್ಲಿ ಕೂಲಿಯವನ ವೇಷದಲ್ಲಿ ಶ್ರೀಲಂಕಾ ಸೇರಿದರು. ಅಲ್ಲಿ ಡಚ್ಚರು ಕ್ಯಾಥೊಲಿಕರನ್ನು ಬೇಟೆಯಾಡುತ್ತಿದ್ದ ಕಾಲ. ಕ್ಯಾಂಡಿಯಲ್ಲಿ ಗೂಢಚಾರನೆಂದು ಸೆರೆಯಲ್ಲಿಟ್ಟರು. 1697ರಲ್ಲಿ ಸಿಡುಬು ಬಂದಾಗ ಮನೆಯವರೇ ಬಿಟ್ಟು ಓಡಿದ ರೋಗಿಗಳನ್ನು ಜಾತಿ ಮತ ಕೇಳದೆ ಎತ್ತಿ ತಂದು, ತೊಳೆದು, ಉಣಿಸಿ, ಸತ್ತವರನ್ನು ಹೂಳಿದರು. 1711ರ ಜನವರಿ 16ರಂದು ಅಲ್ಲೇ ತೀರಿಕೊಂಡರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಸಾರಿದರು. ಆ ಕೀವು ತೊಳೆದದ್ದು ಸ್ವರ್ಗ ಸಂಪಾದನೆಗೆ ಎಂದು ನನಗೆ ಅನ್ನಿಸುವುದಿಲ್ಲ. ಬಿಡಿಸಿ ತಂದದ್ದನ್ನು ಕೈಗೆ ಹಾಕಿಕೊಂಡವರು ಅವರು.

ಕೊನೆಯದಾಗಿ, ಪಕ್ಕದ ಮನೆಯ ಹಿಂದೂಗಳನ್ನೂ ಮುಸಲ್ಮಾನರನ್ನೂ ನರಕ ತೋರಿಸಿ ಹೆದರಿಸಬೇಡಿ. ಈ ಮಣ್ಣಿಗೆ ಆ ನೆನಪು ಹಳೆಯದು. 1560ರಲ್ಲಿ ಇಲ್ಲಿ ಶುರುವಾದ ಇನ್‌ಕ್ವಿಸಿಶನ್ ಎಂಬ ಮತವಿಚಾರಣೆ ಪೂರ್ತಿ ನಿಂತದ್ದು 1812ರಲ್ಲಿ. ನಂಬಿಕೆಯನ್ನು ಯಾರ ಮೇಲೂ ಹೇರಬಾರದೆಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸ್ಪಷ್ಟವಾಗಿ ಹೇಳಿತು. ತಮ್ಮದಲ್ಲದ ಕಾರಣಕ್ಕೆ ಕ್ರಿಸ್ತನನ್ನು ಅರಿಯದೆ, ಮನಸ್ಸಾಕ್ಷಿಯಂತೆ ನಡೆದು ದೇವರನ್ನು ಹುಡುಕುವವರೂ ರಕ್ಷಣೆ ಹೊಂದಬಲ್ಲರು ಎಂದು ಅದಕ್ಕೆ ಮುಂಚಿನ ವರ್ಷವೇ ಅದೇ ಸಭೆ ಹೇಳಿತ್ತು. ಯಾರಾದರೂ ನಿಮ್ಮ ಸಮಾಧಾನದ ಗುಟ್ಟು ಕೇಳಿದರೆ ಹೇಳಿ, ಮುಚ್ಚಿಡಬೇಡಿ. ಕೇಳದಿದ್ದರೆ ಅವರ ಮಗುವಿಗೆ ಜ್ವರ ಬಂದಾಗ ರಿಕ್ಷಾ ಕರೆತನ್ನಿ, ಸಾಕು.

ಜನವರಿ 16ಕ್ಕೆ ಸಾಂಕ್ವಾಳದಲ್ಲಿ ಸಂತ ಜೋಸೆಫ್ ವಾಜರ ಹಬ್ಬ. ಬರುವವರು ಹಿಂದಿನ ದಿನವೇ ಹೇಳಿ, ಚಿತ್ರಾನ್ನ ಕಟ್ಟಿಕೊಂಡು ಬರುತ್ತೇನೆ. ಗದಗದ ಹುಡುಗನೂ ಬರುತ್ತೇನೆ ಎಂದಿದ್ದಾನೆ, ಎದುರು ಮನೆಯಾಕೆಯ ಪಕ್ಕದಲ್ಲೇ ಕೂರಿಸುತ್ತೇನೆ. ಆಕೆಯಿಂದ ಮೂರು ತಿಂಗಳ ಹಿಂದೆ ಕುಕ್ಕರ್ ಒಯ್ದವರು ನಿಮ್ಮಲ್ಲೇ ಯಾರೋ ಇದ್ದೀರಂತೆ. ಹಬ್ಬಕ್ಕೆ ಬರುವ ಮೊದಲು ಅದನ್ನು ತೊಳೆದು, ಗ್ಯಾಸ್ಕೆಟ್ ಸಮೇತ ಕೊಟ್ಟು ಬನ್ನಿ.