ಹಗಲೆಲ್ಲ ಕೀಲಿ ಹಾಕಿದ ಮನೆಗೆ ಎಂಥ ನಾಯಿ?

ನಾಯಿ ತರಬೇಕು ಅಂದರೆ ಎಲ್ಲರೂ ಮೊದಲು ಕೇಳುವುದು ಜಾತಿ. ಲ್ಯಾಬ್ರಡಾರೋ, ಜರ್ಮನ್ ಶೆಫರ್ಡೋ, ಪೊಮೆರೇನಿಯನ್ನೋ? ಆಮೇಲೆ ದರ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಅದರ ಸಂಗಡ ಯಾರಿರುತ್ತಾರೆ ಎಂದು ಕೇಳುವವರು ಕಡಿಮೆ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಜಾತಿ, ವಯಸ್ಸು, ದರ ಎಲ್ಲ ತಾವಾಗಿಯೇ ಬಗೆಹರಿಯುತ್ತವೆ. ನಮ್ಮ ಮನೆಯಲ್ಲಿ ಹಾಗೇ ಆಯಿತು.

ನಾವಿರುವುದು ಕುಂಭಾರಿಯಲ್ಲಿ, ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಹೋಗುವ ರಸ್ತೆಯ ಮೇಲೆ. ನಾನು ಅಕ್ಕಲಕೋಟದ ಕಡೆಯ ಕನ್ನಡ ಶಾಲೆಗೆ ಕಲಿಸಲು ಹೋಗಬೇಕು. ನಮ್ಮ ಮನೆಯವರು ಸೊಲ್ಲಾಪುರದ ಎಂಐಡಿಸಿಯಲ್ಲಿ ಟಾವೆಲ್ ಕಾರ್ಖಾನೆಗೆ. ಮಗಳು ಶಾಲೆಗೆ. ಬೆಳಿಗ್ಗೆ ಮೂವರೂ ಹೊರಟರೆ ಮನೆಗೆ ಕೀಲಿ. ನಾಯಿ ಬೇಕೆಂದು ಹಟ ಹಿಡಿದವಳು ಮಗಳು. ಬೇಡ ಅನ್ನಲು ನನಗೂ ಮನಸ್ಸಿರಲಿಲ್ಲ.

ಮಗಳಿಗೆ ಬೇಕಾಗಿದ್ದದ್ದು ಮರಿ. ಮರಿಯ ಲೆಕ್ಕ ಹಾಕಿ ನೋಡಿದೆವು. ಎರಡು ತಿಂಗಳ ಮರಿ ಎರಡು ಮೂರು ತಾಸಿಗಿಂತ ಹೆಚ್ಚು ಹೊತ್ತು ಉಚ್ಚೆ ತಡೆಯಲಾರದು. ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪ ತಿನ್ನಿಸಬೇಕು. ಆರೆಂಟು ವಾರಕ್ಕೆ ಶುರುವಾಗುವ ಡಿಸ್ಟೆಂಪರ್, ಪಾರ್ವೊ ಲಸಿಕೆಗಳನ್ನು ಮೂರು ನಾಲ್ಕು ವಾರಕ್ಕೊಮ್ಮೆ ಹಾಕಿಸುತ್ತ ಹದಿನಾರು ವಾರದವರೆಗೆ ನಡೆಸಬೇಕು. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಎಲ್ಲಕ್ಕಿಂತ ಮುಖ್ಯ, ಜನರನ್ನು, ಸದ್ದುಗಳನ್ನು, ಬೇರೆ ಪ್ರಾಣಿಗಳನ್ನು ಹೆದರದೆ ನೋಡುವುದನ್ನು ಮರಿ ಕಲಿಯುವುದು ಮೊದಲ ಮೂರು ನಾಲ್ಕು ತಿಂಗಳಲ್ಲೇ. ಆ ಹೊತ್ತನ್ನು ಅದು ಬಂದ್ ಕೋಣೆಯಲ್ಲಿ ಒಂಟಿಯಾಗಿ ಕಳೆದರೆ ಮುಂದೆ ಗಂಟೆ ಬಾರಿಸಿದವರಿಗೆಲ್ಲ ಹೆದರಿ ಬೊಗಳುವ, ಹೆದರಿ ಕಚ್ಚುವ ನಾಯಿಯಾಗಬಹುದು. ಬೇಸಿಗೆ ಸೂಟಿಯಲ್ಲಿ ಮರಿ ತಂದು ಜೂನ್‌ನಲ್ಲಿ ಒಮ್ಮೆಲೇ ಒಂಟಿ ಬಿಟ್ಟು ಶಾಲೆಗೆ ಹೋಗುವುದು ಇನ್ನೂ ಕೆಟ್ಟದ್ದು. ದಿನವಿಡೀ ಜನರ ನಡುವೆ ಇರುವ ರೂಢಿಯನ್ನು ನಾವೇ ಹಚ್ಚಿ, ನಾವೇ ಮುರಿದಂತಾಗುತ್ತದೆ.

ಎರಡನೆಯ ಆಸೆ ನನ್ನದೇ: ಮುಧೋಳ ನಾಯಿ. ನನ್ನ ತವರು ಆ ಕಡೆಯದು. ಮುಧೋಳ ಸಂಸ್ಥಾನದ ಅರಸ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಬೆಳೆಸಿದ ಕಥೆ ಕೇಳುತ್ತ ಬೆಳೆದವಳು ನಾನು. 2005ರಲ್ಲಿ ಅಂಚೆ ಇಲಾಖೆ ಅದರ ಚೀಟಿ ತಂದಿತು. ಸೈನ್ಯದವರು ಮೀರಠ್‌ಗೆ ಒಯ್ದು ತರಬೇತಿ ಕೊಟ್ಟರು. ತಿಮ್ಮಾಪುರದಲ್ಲಿ ಬೀದರ್ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಮಹಾರಾಷ್ಟ್ರದಲ್ಲಿ ಇದನ್ನೇ ಕಾರವಾನಿ ಅನ್ನುತ್ತಾರೆ. ಕೂದಲು ಗಿಡ್ಡ, ಮೈ ಸಣ್ಣ, ನಮ್ಮ ಬಿಸಿಲಿಗೆ ಹೇಳಿ ಮಾಡಿಸಿದ್ದು. ಒಂದು ಮರಿ ಕೊಡಿಸೆಂದು ಸೋದರಮಾವನಿಗೆ ಫೋನ್ ಮಾಡಿದೆ. ಹೊಲದಲ್ಲಿ ಎರಡು ಮುಧೋಳ ಸಾಕಿರುವ ಮನುಷ್ಯ ಅವರು.

“ಹಗಲೆಲ್ಲ ಮನಿಯಾಗ ಯಾರ್ ಇರ್ತೀರವ್ವಾ?” ಅಂದರು.

“ಯಾರೂ ಇರಂಗಿಲ್ಲ ಮಾವಾ. ಅದಕ್ಕs ನಾಯಿ ಬೇಕು.”

“ಕೀಲಿ ಕಾಯಾಕ ಆ ನಾಯಿ ಬ್ಯಾಡ. ಅದು ಮೊಲದ ಹಿಂದ ಓಡಾಕ ಹುಟ್ಟಿದ್ದು. ಓಡಲಿಲ್ಲಂದ್ರ ನಿನ್ನ ಗಾದಿ ಹರೀತೈತಿ, ಇಲ್ಲಾ ತನ್ನ ಕಾಲ ತಾನs ಕಚ್ಕೋತೈತಿ. ನೀ ನೌಕರಿ ಬಿಟ್ಟು ಹೊಲಕ್ಕ ಬಾ, ಮರಿ ನಾ ಕೊಡತೀನಿ.”

ಮಾವ ಹೇಳಿದ್ದು ಆ ತಳಿಯ ಸ್ವಭಾವ. ಕಣ್ಣಿನಿಂದ ಬೇಟೆ ಹಿಡಿಯುವ ನಾಯಿ ಅದು. ಕೋಳಿ ಓಡಿದರೂ ಬೆಕ್ಕು ಓಡಿದರೂ ಅದರ ಕಾಲು ನಿಲ್ಲುವುದಿಲ್ಲ. ಬೇಲಿಯಿಲ್ಲದ ಅಂಗಳ, ಮುಂದೆ ಲಾರಿ ಓಡುವ ರಸ್ತೆ ಇರುವ ನಮ್ಮಂಥ ಮನೆಯಲ್ಲಿ ಹಗಲೆಲ್ಲ ಸರಪಳಿಯಲ್ಲಿಡಬೇಕಾಗುತ್ತದೆ. ಸರಪಳಿಯ ವಿಷಯಕ್ಕೆ ಕಾಯ್ದೆಯೂ ಇದೆ. ಸದಾ ಕಟ್ಟಿಹಾಕಿದ ನಾಯಿಯನ್ನು ಸಾಕಷ್ಟು ಓಡಾಡಿಸದ ಮಾಲೀಕ 1960ರ ಪ್ರಾಣಿ ಕ್ರೌರ್ಯ ತಡೆ ಕಾಯ್ದೆಯ 11ನೇ ಕಲಮಿನಡಿ ಅಪರಾಧಿ.

ದಟ್ಟ ಕೂದಲಿನ ವಿದೇಶಿ ತಳಿಗಳನ್ನು ಕೈಬಿಡಲು ಚರ್ಚೆಯೇ ಬೇಕಾಗಲಿಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ಸೊಲ್ಲಾಪುರದ ಬಿಸಿಲು 40 ಡಿಗ್ರಿ ದಾಟುವುದು ವಾಡಿಕೆ. ನಮ್ಮ ಹಾಗೆ ಮೈಯೆಲ್ಲ ಬೆವರಿ ತಣ್ಣಗಾಗುವ ಅನುಕೂಲ ನಾಯಿಗಿಲ್ಲ. ಅದು ನಾಲಿಗೆ ಚಾಚಿ ತೇಕಿಯೇ ಬಿಸಿ ಕಳೆಯಬೇಕು. ಪತ್ರಾ ಹೊದಿಸಿದ ಕೋಣೆಯಲ್ಲಿ ಕರೆಂಟ್ ಹೋದರೆ ತೇಕಿದರೂ ಬಿಸಿ ಇಳಿಯದು. ಪಗ್‌ನಂಥ ಚಪ್ಪಟೆ ಮೂತಿಯವಕ್ಕೆ ತೇಕುವುದೇ ಕಷ್ಟ. ನಾವು ಮನೆಯಲ್ಲಿದ್ದರೆ ಒದ್ದೆ ಬಟ್ಟೆ ಹಾಕಬಹುದು, ನೀರು ಬದಲಿಸಬಹುದು. ಇಲ್ಲದವರು ಏನು ಮಾಡಬೇಕು?

ಹೀಗೆ ಒಂದೊಂದೇ ಬಿಡುತ್ತ ಬಂದಾಗ ಉಳಿದದ್ದು ಊರ ನಾಯಿ, ಅದೂ ಬೆಳೆದದ್ದು. ಎರಡು ಮೂರು ವರ್ಷದ ನಾಯಿಯ ಗುಣ ಕಣ್ಣೆದುರಿಗೇ ಇರುತ್ತದೆ. ಮರಿಯದಾದರೆ ಬರೀ ಅಂದಾಜು. ವಳಸಂಗದಲ್ಲಿ ಪರಿಚಯದ ಕುಟುಂಬವೊಂದು ಪುಣೆಗೆ ಹೋಗುವುದಿತ್ತು. ಅವರು ಸಾಕಿದ ಕೆಂಪು ಬಣ್ಣದ ಹೆಣ್ಣು ನಾಯಿಗೆ ಮನೆ ಹುಡುಕುತ್ತಿದ್ದರು. ಹೆಸರು ಕೆಂಪಿ. ಸಂತಾನಹರಣ ಆಗಿತ್ತು, ಲಸಿಕೆಯ ಕಾರ್ಡ್ ಇತ್ತು.

ಅಲ್ಲಿ ನಾನು ನೋಡಿದ್ದು ಇಷ್ಟು. ಊಟದ ತಾಟಿನ ಬಳಿ ಮನೆಯವರು ಕೈ ಇಟ್ಟಾಗ ಅದು ಗುರ್ ಅನ್ನಲಿಲ್ಲ. ಉಕ್ಕಿನ ತಂಬಿಗೆ ಬಿದ್ದು ಸದ್ದಾದಾಗ ಬೆಚ್ಚಿತು, ಹಿಂದೆ ಸರಿಯಿತು, ಒಂದು ನಿಮಿಷದಲ್ಲಿ ಬಂದು ತಂಬಿಗೆ ಮೂಸಿತು. ಹೆದರಿಕೆ ಎಲ್ಲ ನಾಯಿಗೂ ಉಂಟು, ಎಷ್ಟು ಬೇಗ ಸುಧಾರಿಸಿಕೊಳ್ಳುತ್ತದೆ ಅನ್ನುವುದೇ ನೋಡಬೇಕಾದದ್ದು. ಆಮೇಲೆ ಅದನ್ನು ಒಳಗೆ ಬಿಟ್ಟು ನಾವೆಲ್ಲ ಹೊರಗೆ ಬಂದು ಬಾಗಿಲು ಹಾಕಿಕೊಂಡು ಕಟ್ಟೆಯ ಮೇಲೆ ಕೂತೆವು. ಮೊದಲು ಬಾಗಿಲು ಕೆರೆದ ಸದ್ದು, ಸ್ವಲ್ಪ ಕುಂಯ್‌ಗುಟ್ಟಿದ್ದು. ಚಹಾ ಮುಗಿಯುವಷ್ಟರಲ್ಲಿ ಸದ್ದಿಲ್ಲ. ಬಾಗಿಲು ತೆರೆದರೆ ಗೋಣಿಚೀಲದ ಮೇಲೆ ಮಲಗಿದ್ದ ಕೆಂಪಿ ಮೈಮುರಿದು ಎದ್ದಳು. ಹಗಲೆಲ್ಲ ಹೊರಗಿರುವವರಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಯಾವ ತಳಿಯ ಕಾಗದವೂ ಅಲ್ಲ.

ನಾಯಿ ಸರಿಯಾದದ್ದು ಸಿಕ್ಕಿತು ಅಂದರೂ ಮಧ್ಯಾಹ್ನದ ಪ್ರಶ್ನೆ ಉಳಿದೇ ಇತ್ತು. ಅಲ್ಲಿ ಕುಂಭಾರಿಯೇ ನಮ್ಮ ಕೈ ಹಿಡಿಯಿತು. ಬೀಡಿ ಕಾರ್ಮಿಕರ ಊರು ಇದು. ಗೋದೂತಾಯಿ ಪರುಳೇಕರ್ ವಸಾಹತಿನ 10 ಸಾವಿರ ಮನೆಗಳು 2006ರಲ್ಲಿ ಬಂದವು, ರಾಯನಗರದ ಮೊದಲ 15 ಸಾವಿರ ಮನೆಗಳನ್ನು 2024ರ ಜನವರಿಯಲ್ಲಿ ಹಂಚಿದರು. ಬೀಡಿ ಕಟ್ಟುವ ಹೆಂಗಸರಿಗೆ ಮನೆಯೇ ಕಾರ್ಖಾನೆ. ಹಾಗಾಗಿ ಹಗಲು ಹೊತ್ತಿನಲ್ಲಿ ಇಲ್ಲಿಯ ಓಣಿಗಳು ಖಾಲಿಯಾಗುವುದಿಲ್ಲ. ನಮ್ಮ ಪಕ್ಕದ ಮನೆಯ ಕಾಕು ಮೊರ ಮುಂದಿಟ್ಟುಕೊಂಡು ಎಲೆ ಸುತ್ತುತ್ತ ದಿನವಿಡೀ ಕಟ್ಟೆಯ ಮೇಲೇ ಇರುತ್ತಾರೆ. ಕೇಳಿದಾಗ ನಕ್ಕು ಅಂದರು: “ಆಗಲೇಳ್ರಿ ಅಕ್ಕೋರ. ದಿನಪಾಳಿ ನಂದು, ರಾತ್ರಿಪಾಳಿ ನಿಮ್ಮದು.”

ನೆರೆಯವರ ಉಪಕಾರ ಪುಕ್ಕಟೆಯಾದರೆ ಬಹಳ ದಿನ ಬಾಳುವುದಿಲ್ಲ. ಬೀಡಿಗೆ ಕೂಲಿ ಸಾವಿರದ ಲೆಕ್ಕದಲ್ಲಿ. ಕಾಕು ನಾಯಿಗಾಗಿ ಎದ್ದಷ್ಟು ಹೊತ್ತೂ ಅವರ ದುಡಿಮೆಗೆ ಕತ್ತರಿ. ಆದ್ದರಿಂದ ಮೊದಲೇ ಮಾತಾಡಿಕೊಂಡೆವು. ಮಧ್ಯಾಹ್ನ ಒಂದು ಸಲ ಹೊರಗೆ ಬಿಡುವುದು, ನೀರು ನೋಡುವುದು ಅವರ ಕೆಲಸ. ಅವರ ಮೊಮ್ಮಗನಿಗೆ ಸಂಜೆ ಗಣಿತ, ಇಂಗ್ಲಿಷ್ ಹೇಳಿಕೊಡುವುದು ನನ್ನದು. ಇನ್ನೊಂದು ಷರತ್ತನ್ನು ಪಶು ಡಾಕ್ಟರು ಹಾಕಿದರು: ಕೆಂಪಿ ಕಾಕುವಿನ ಕಟ್ಟೆ ಹತ್ತಕೂಡದು. ತಂಬಾಕಿನ ನಿಕೋಟಿನ್ ನಾಯಿಗೆ ವಿಷ. ಮೊರದಲ್ಲಿದ್ದ ಪುಡಿ ನೆಕ್ಕಿದರೂ ವಾಂತಿ, ನಡುಕ ಶುರುವಾಗಬಹುದು, ಹೆಚ್ಚಾದರೆ ಜೀವಕ್ಕೇ ಅಪಾಯ. ಹೊರಗೆ ಬಿಟ್ಟಾಗ ಕೆಂಪಿ ಬೇವಿನ ಗಿಡದ ನೆರಳಲ್ಲಿ, ನಮ್ಮ ಅಂಗಳದಲ್ಲಿ. ಕಾಕು ತಮ್ಮ ಕಟ್ಟೆಯಿಂದಲೇ ತಮ್ಮ ತೆಲುಗಿನಲ್ಲಿ ಗದರುತ್ತಾರೆ, ಅದು ಕೇಳುತ್ತದೆ.

ಒಂಟಿತನದ ರೂಢಿಯನ್ನು ನಿಧಾನ ಹಚ್ಚಬೇಕು. ದೀಪಾವಳಿ ಸೂಟಿಯಲ್ಲಿ, ಪಟಾಕಿಯ ಗದ್ದಲ ಮುಗಿದ ಮೇಲೆ ಕೆಂಪಿಯನ್ನು ತಂದೆವು. ಮೊದಲು ಹತ್ತು ನಿಮಿಷ, ಆಮೇಲೆ ಅರ್ಧ ತಾಸು, ಆಮೇಲೆ ಸಂತೆಗೆ ಹೋಗಿ ಬರುವಷ್ಟು. ಹೊರಡುವಾಗ ಮುದ್ದು ಮಾಡುವುದು, ಬಂದ ಕೂಡಲೇ ಕುಣಿದಾಡಿಸುವುದು ಎರಡೂ ಬೇಡ. ಕೆಲಸಕ್ಕೆ ಹೊರಡುವ ಮುಂಚೆ ಮುಕ್ಕಾಲು ತಾಸು ನಡೆಸಿದರೆ ಹಗಲೆಲ್ಲ ನಿದ್ದೆ ಮಾಡುತ್ತದೆ. ಬೇಸಿಗೆಯಲ್ಲಿ ಈ ತಿರುಗಾಟ ಏಳರೊಳಗೆ ಮುಗಿಯಬೇಕು. ನಮ್ಮ ಅಂಗೈ ಡಾಂಬರಿನ ಮೇಲೆ ನಿಲ್ಲದಿದ್ದರೆ ಅದರ ಪಾದವೂ ನಿಲ್ಲದು.

ಊಟ ಸುಲಭ. ಜೋಳದ ರೊಟ್ಟಿ, ಬೇಯಿಸಿದ ಮೊಟ್ಟೆ, ಸ್ವಲ್ಪ ಮೊಸರು. ರೊಟ್ಟಿಯೊಂದೇ ಹಾಕಿದರೆ ಸಾಲದು, ನಾಯಿಗೆ ಮಾಂಸ ಮೊಟ್ಟೆಯ ಸತ್ವ ಬೇಕು. ಆದರೆ ಸೊಲ್ಲಾಪುರದವರ ಪ್ರೀತಿಯ ಶೇಂಗಾ ಚಟ್ನಿ, ಉಳಿದ ಪಲ್ಯ ಹಾಕಬೇಡಿ. ಅದರ ಬಳ್ಳೊಳ್ಳಿ, ಉಳ್ಳಾಗಡ್ಡಿ ನಾಯಿಯ ರಕ್ತಕಣಗಳನ್ನು ಕೆಡಿಸುತ್ತವೆ.

ಅತ್ತೆಯವರು ಊರಿಂದ ಬಂದಾಗ ನಾಯಿ ಹೊಸ್ತಿಲು ದಾಟುವುದಕ್ಕೆ ಒಪ್ಪುವುದಿಲ್ಲ. ಆದರೆ ಭಾನುವಾರ ಖಂಡೋಬನ ದಿನ, ಮೈಲಾರಲಿಂಗನ ನಾಯಿ ಎಂದು ಮೊದಲ ರೊಟ್ಟಿ ಅದಕ್ಕೇ ತೆಗೆದಿಡುತ್ತಾರೆ. ಅಕ್ಕಲಕೋಟದ ದಾರಿಯಲ್ಲಿ ಅಂಗಡಿಗೊಂದು ದತ್ತನ ಪಟ, ಪಟದಲ್ಲಿ ನಾಲ್ಕು ನಾಯಿ. ಭಕ್ತಿ ಇರುವ ಜನ ನಾವು. ಆ ಭಕ್ತಿಯ ಜೊತೆಗೆ ವರ್ಷಕ್ಕೊಮ್ಮೆ ರೇಬೀಸ್ ಲಸಿಕೆಯನ್ನೂ ಹಾಕಿಸಿಬಿಟ್ಟರೆ ಓಣಿಯ ಮಕ್ಕಳು ನಿಶ್ಚಿಂತರು. ಯಾವುದೇ ನಾಯಿ ಕಚ್ಚಿದರೂ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆವತ್ತೇ ದವಾಖಾನೆಗೆ ಹೋಗಬೇಕು ಎಂದು ನನ್ನ ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತೇನೆ.

ಈಗ ಸಹೋದ್ಯೋಗಿಗಳು ಯಾವ ನಾಯಿ ತರಲಿ ಎಂದು ಕೇಳುತ್ತಾರೆ. ಮಧ್ಯಾಹ್ನ ಎರಡಕ್ಕೆ ನಿಮ್ಮ ಮನೆಯ ಬಾಗಿಲು ತೆರೆಯುವವರು ಯಾರು ಎಂದು ನಾನು ತಿರುಗಿ ಕೇಳುತ್ತೇನೆ. ಅಜ್ಜ ಅಜ್ಜಿ ಇದ್ದರೆ ಮರಿ ತನ್ನಿ. ಹೊಲ, ಬೇಲಿ, ಓಡಿಸುವ ಆಳು ಇದ್ದರೆ ಮುಧೋಳ ತನ್ನಿ. ನಂಬಿಗಸ್ತ ನೆರೆಯವರಿದ್ದರೆ ಬೆಳೆದ ಊರ ನಾಯಿ. ಇವ್ಯಾವೂ ಇಲ್ಲದಿದ್ದರೆ ಸದ್ಯಕ್ಕೆ ತರಬೇಡಿ. ನಿಮ್ಮ ಓಣಿಯಲ್ಲಿ ಆಗಲೇ ಇರುವ ನಾಯಿಗೆ ಲಸಿಕೆ, ಸಂತಾನಹರಣ ಮಾಡಿಸುವ ಹೊಣೆ ಹೊತ್ತುಕೊಳ್ಳಿ. ಅದನ್ನು ಶುರುಮಾಡಲು ಒಂದು ರಜೆ, ಒಂದು ಆಟೋ ಸಾಕು.