ಅಮೆರಿಕೆಯ ಕೆಲಸದ ವೀಸಾ: ಅರ್ಜಿ ಯಾರದು, ಹಕ್ಕು ಯಾರದು?

“ಅಮೆರಿಕೆಯ ವೀಸಾ ಕೊಡಿಸುತ್ತೇವೆ, ಮುಂಗಡ ಕಟ್ಟಿ” ಎನ್ನುವ ದಲ್ಲಾಳಿಗಳಿಗೆ ಯಾವ ಊರಿನಲ್ಲಿಯೂ ಬರವಿಲ್ಲ. ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ, ತಮಗಾಗಿಯಲ್ಲದಿದ್ದರೂ ಮಗನಿಗಾಗಿಯೋ ತಮ್ಮನಿಗಾಗಿಯೋ ಈ ವಿಷಯ ವಿಚಾರಿಸುವವರುಂಟು. ಹಣ ಎಣಿಸುವ ಮುನ್ನ ಅಲ್ಲಿಯ ಕಾಯಿದೆಯ ಕ್ರಮವನ್ನು ತಿಳಿದಿರುವುದು ಒಳ್ಳೆಯದು.

ಪದವಿ ಬೇಡುವ ಕೆಲಸಗಳಿಗೆ ಕೊಡುವ ವೀಸಾಕ್ಕೆ ಎಚ್-ಒನ್-ಬಿ ಎಂದು ಹೆಸರು. ಇದಕ್ಕೆ ಅರ್ಜಿ ಹಾಕತಕ್ಕವನು ಕೆಲಸಗಾರನಲ್ಲ, ಅಮೆರಿಕೆಯಲ್ಲಿರುವ ಧಣಿ. ಆ ಊರಿನಲ್ಲಿ ಆ ಕೆಲಸಕ್ಕೆ ನಡೆಯುವ ಸಂಬಳಕ್ಕಿಂತ ಕಡಿಮೆ ಕೊಡುವುದಿಲ್ಲವೆಂದು ಆತ ಮೊದಲು ಕಾರ್ಮಿಕ ಇಲಾಖೆಗೆ ಬರೆದುಕೊಡಬೇಕು. ಆಮೇಲೆ ವಲಸೆ ಇಲಾಖೆಗೆ ಅರ್ಜಿ. ವರ್ಷಕ್ಕೆ ೬೫,೦೦೦, ಅಲ್ಲಿಯೇ ಸ್ನಾತಕೋತ್ತರ ಪದವಿ ಪಡೆದವರಿಗೆ ಇನ್ನೂ ೨೦,೦೦೦, ಇಷ್ಟೇ ಮಿತಿ. ಬೇಡಿಕೆ ಮೀರಿದಾಗ ಚೀಟಿ ಎತ್ತಿದಂತೆ ಆಯ್ಕೆ ನಡೆಯುತ್ತದೆ. ಹೀಗಿರುವಾಗ “ಖಂಡಿತ ಕೊಡಿಸುತ್ತೇವೆ” ಎಂಬ ಮಾತಿಗೆ ಬೆಲೆಯೆಷ್ಟೆಂಬುದನ್ನು ವಾಚಕರೇ ಊಹಿಸಬಹುದು. ಇದು ಸಾಲದೆಂಬಂತೆ, ೨೦೨೫ರ ಸೆಪ್ಟೆಂಬರಿನಲ್ಲಿ ಅಲ್ಲಿಯ ಅಧ್ಯಕ್ಷರ ಘೋಷಣೆಯೊಂದು, ಹೊರದೇಶದಲ್ಲಿರುವವರಿಗಾಗಿ ಹಾಕುವ ಹೊಸ ಅರ್ಜಿಗಳ ಮೇಲೆ ೧,೦೦,೦೦೦ ಡಾಲರಿನ ಹೊರೆ ಹೊರಿಸಿತು.

ಅರ್ಜಿಯ ಶುಲ್ಕವೂ ಧಣಿಯ ವಕೀಲರ ಫೀಜೂ ಧಣಿಯ ವ್ಯಾಪಾರದ ಖರ್ಚು. ಕಾಯಿದೆಯಂತೆ ಸಲ್ಲಬೇಕಾದ ಸಂಬಳ ಕಡಿಮೆಯಾಗುವಂತೆ ಅವನ್ನು ಮುರಿದುಕೊಳ್ಳಕೂಡದು. ಕೆಲಸವಿಲ್ಲವೆಂದು ಸುಮ್ಮನೆ ಕೂರಿಸಿದ ದಿನಗಳಿಗೂ ಸಂಬಳ ಕೊಡಲೇಬೇಕು. ಕೆಲಸವೇ ಹೋದರೆ, ಬೇರೊಬ್ಬ ಧಣಿಯಿಂದ ಅರ್ಜಿ ಹಾಕಿಸಿಕೊಳ್ಳಲು ಹೆಚ್ಚೆಂದರೆ ೬೦ ದಿನಗಳ ಅವಕಾಶ.

ಈ ವೀಸಾದ ಅವಧಿ ಮೂರು ವರ್ಷ, ವಿಸ್ತರಿಸಿದರೆ ಆರು. ಅಲ್ಲಿಯೇ ನೆಲೆಸಲು ಗ್ರೀನ್ ಕಾರ್ಡು ಬೇಕು. ಅದಕ್ಕೂ ಸಾಮಾನ್ಯವಾಗಿ ಧಣಿಯೇ ಮುಂದಾಗಬೇಕು. ಹುದ್ದೆಯನ್ನು ಜಾಹೀರು ಮಾಡಿ, ಅರ್ಹ ಅಮೆರಿಕನ್ನರು ಸಿಗಲಿಲ್ಲವೆಂದು ತೋರಿಸಿ, ಕಾರ್ಮಿಕ ಇಲಾಖೆಯ ಪ್ರಮಾಣಪತ್ರ ಪಡೆಯಬೇಕು. ಇದರ ಖರ್ಚನ್ನು ಕೆಲಸಗಾರನಿಂದ ವಸೂಲು ಮಾಡಬಾರದೆಂಬ ನಿಯಮ ೨೦೦೭ರಲ್ಲಿ ಬಂದಿತು. ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದ ತಾರೀಖೇ ಸರದಿಯಲ್ಲಿ ನಮ್ಮ ಸ್ಥಾನ.

ಸರದಿಯೋ ಬಹು ಉದ್ದ. ಉದ್ಯೋಗದ ಮೂಲಕ ಕೊಡುವ ಕಾರ್ಡುಗಳು ವರ್ಷಕ್ಕೆ ಸುಮಾರು ೧,೪೦,೦೦೦. ಹೆಂಡತಿ ಮಕ್ಕಳೂ ಇದರಲ್ಲಿಯೇ ಸೇರಿದರು. ಒಂದೊಂದು ದೇಶದಲ್ಲಿ ಹುಟ್ಟಿದವರಿಗೆ ನೂರಕ್ಕೆ ೭ರ ಮಿತಿ. ಭಾರತಕ್ಕೂ ಅಷ್ಟೇ, ಅಂಗೈಯಗಲದ ದೇಶಕ್ಕೂ ಅಷ್ಟೇ. ಉಳಿಕೆಯಾದವು ನಮ್ಮವರಿಗೆ ಒಮ್ಮೊಮ್ಮೆ ಸಿಗುವುದುಂಟಾದರೂ ಕಾಯುವುದು ತಪ್ಪಿಲ್ಲ. ಮಕ್ಕಳಿಗೆ ೨೧ ದಾಟಿತೆಂದರೆ, ವಯಸ್ಸಿನ ಲೆಕ್ಕದಲ್ಲಿ ತುಸು ರಿಯಾಯಿತಿಯಿದ್ದರೂ, ತಂದೆಯ ಸಾಲಿನಿಂದ ಕಳಚಿಬೀಳುತ್ತಾರೆ.

ಈ ಭಯದಿಂದಲೇ ಎಷ್ಟೋ ಮಂದಿ ಒಬ್ಬನೇ ಧಣಿಗೆ ಅಂಟಿಕೊಂಡು ಹೇಳಿದ್ದನ್ನೆಲ್ಲ ಸಹಿಸುತ್ತಾರೆ. ಅಷ್ಟು ಅಂಜಬೇಕಾದುದಿಲ್ಲ. ಪ್ರಮಾಣಪತ್ರದ ಮೇಲೆ ಧಣಿ ವಲಸೆ ಇಲಾಖೆಗೆ ಹಾಕಿದ ಅರ್ಜಿ ಒಮ್ಮೆ ಮಂಜೂರಾಯಿತೆಂದರೆ ಆ ತಾರೀಖು ಕೆಲಸಗಾರನದು. ಮೋಸವೋ ದೊಡ್ಡ ತಪ್ಪೋ ಹೊರಬಿದ್ದು ಮಂಜೂರಾತಿ ರದ್ದಾದರೆ ಮಾತು ಬೇರೆ. ಹೊಸ ಧಣಿ ಎಲ್ಲ ಕಾಗದಗಳನ್ನೂ ಮೊದಲಿನಿಂದ ಮಾಡಬೇಕಾದರೂ ಸಾಲಿನ ಸ್ಥಾನ ಹಳೆಯದೇ ಉಳಿಯುತ್ತದೆ. ಸರದಿ ಬಾರದವರಿಗೆ ಆರು ವರ್ಷದ ಬಳಿಕವೂ ವೀಸಾ ವಿಸ್ತರಿಸಲು ೨೦೦೦ದ ಕಾಯಿದೆ ದಾರಿ ಮಾಡಿದೆ.

ಮಂಜೂರಾತಿಯ ಕಾಗದ ಬರುವುದು ಮಾತ್ರ ಧಣಿಗೆ ಅಥವಾ ಅವನ ವಕೀಲರಿಗೆ. ಸಂಬಂಧ ಚೆನ್ನಾಗಿರುವಾಗಲೇ ಅದರ ನಕಲನ್ನು ಕೇಳಿ ಪಡೆಯಬೇಕು. ಕೊಡದಿದ್ದರೆ ಅರ್ಜಿಯ ನಂಬರನ್ನೂ ತಾರೀಖನ್ನೂ ಬರೆದಿಟ್ಟುಕೊಂಡಿರಬೇಕು.